ಗುರಿಹಲಗೆಯ ಮುಂದೆ ಗಂಡ ಹೆಂಡತಿ

ಆಸ್ಟಿನ್ ನಗರದ ಉತ್ತರಕ್ಕಿರುವ ರೌಂಡ್ ರಾಕ್‌ನಿಂದ ಹೊರಟು, ಜಾರ್ಜ್‌ಟೌನಿನಲ್ಲಿ ಹೈವೇ 29 ಹಿಡಿದು ಪಶ್ಚಿಮಕ್ಕೆ ಹೋದರೆ ಹೊಸ ಬಡಾವಣೆಗಳು ಒಂದೊಂದಾಗಿ ಮುಗಿದು ಟೆಕ್ಸಸ್‌ನ ಹಿಲ್ ಕಂಟ್ರಿ ಶುರುವಾಗುತ್ತದೆ. ಸೋಮವಾರಪೇಟೆ ಕಡೆಯಿಂದ ಹೋದ ನನ್ನ ಕಣ್ಣಿಗೆ ಅವು ಬೆಟ್ಟಗಳಲ್ಲ, ಸುಣ್ಣಕಲ್ಲಿನ ದಿಬ್ಬಗಳು. ಮೈಮೇಲೆ ಜೂನಿಪರ್ ಪೊದೆ, ಗಿಡ್ಡನೆಯ ಓಕ್ ಮರ, ಬೇಲಿಯುದ್ದಕ್ಕೂ ಪಾಪಾಸುಕಳ್ಳಿ. ಏಪ್ರಿಲ್ ತಿಂಗಳಾದ್ದರಿಂದ ರಸ್ತೆಯ ಎರಡೂ ಬದಿಯಲ್ಲಿ ಬ್ಲೂಬಾನೆಟ್ ಅರಳಿತ್ತು. ಅದು ಟೆಕ್ಸಸ್‌ನ ರಾಜ್ಯಪುಷ್ಪ. ಜನ ಕಾರು ನಿಲ್ಲಿಸಿ, ಮಕ್ಕಳನ್ನು ಆ ನೀಲಿಯ ನಡುವೆ ಕೂರಿಸಿ ಫೋಟೊ ತೆಗೆಯುತ್ತಿದ್ದರು. ನಾವು ನಿಲ್ಲಲಿಲ್ಲ. ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿದ ಎರಡು ಪೆಟ್ಟಿಗೆಗಳಲ್ಲಿ ಎರಡು ಪಿಸ್ತೂಲುಗಳಿದ್ದವು, ಗುಂಡುಗಳು ಬೇರೆ ಚೀಲದಲ್ಲಿ. ತಮ್ಮ ಕಾರು ಓಡಿಸುತ್ತಿದ್ದ, ಪಕ್ಕದಲ್ಲಿ ನಾದಿನಿ, ಹಿಂದಿನ ಸೀಟಿನಲ್ಲಿ ನಾನು. ಎಂಟು ವರ್ಷದ ಮಗಳನ್ನು ಸ್ನೇಹಿತರ ಮನೆಯಲ್ಲಿ ಬಿಟ್ಟು ಬಂದಿದ್ದರು.

ಮುಂದಿನ ಶನಿವಾರ ಇಬ್ಬರಿಗೂ ತರಗತಿಯಿತ್ತು. ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿಕೊಂಡು ಓಡಾಡುವವರಿಗೆ ಟೆಕ್ಸಸ್ ಸರ್ಕಾರ ಕೊಡುವ ‘ಲೈಸೆನ್ಸ್ ಟು ಕ್ಯಾರಿ’ ಬೇಕೆಂದರೆ ನಾಲ್ಕರಿಂದ ಆರು ಗಂಟೆ ಪಾಠ ಕೇಳಬೇಕು, ಲಿಖಿತ ಪರೀಕ್ಷೆ ಬರೆಯಬೇಕು, ಶೂಟಿಂಗ್ ರೇಂಜಿನಲ್ಲಿ 50 ಗುಂಡು ಹೊಡೆದು ತೋರಿಸಬೇಕು. ಆ ಕೊನೆಯ ಪರೀಕ್ಷೆಗೆ ಕೈ ಪಳಗಿಸಿಕೊಳ್ಳಲು ಅವರು ಹೊರಟಿದ್ದರು. ರಜೆಗೆ ಹೋಗಿದ್ದ ನಾನೂ ಬರುತ್ತೇನೆ ಎಂದೆ. ನನ್ನ ಒಡಹುಟ್ಟಿದವನು ಸೊಂಟದಲ್ಲಿ ಪಿಸ್ತೂಲಿಟ್ಟುಕೊಳ್ಳುವ ತೀರ್ಮಾನಕ್ಕೆ ಬಂದಿದ್ದಾನೆ ಎಂದರೆ ಅದನ್ನು ಕಣ್ಣಾರೆ ನೋಡಿ ಅರ್ಥ ಮಾಡಿಕೊಳ್ಳಬೇಕು ಅನ್ನಿಸಿತ್ತು.

ಈ ಲೈಸೆನ್ಸಿನ ಹಿಂದೆ ಒಂದು ದೊಡ್ಡ ಸಾವಿನ ಕಥೆಯಿದೆ. ರೌಂಡ್ ರಾಕ್‌ನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ಹೋದರೆ ಕಿಲೀನ್ ಎಂಬ ಊರು ಸಿಗುತ್ತದೆ. 1991ರ ಅಕ್ಟೋಬರ್ 16ರ ಮಧ್ಯಾಹ್ನ ಒಬ್ಬಾತ ಅಲ್ಲಿಯ ಲೂಬೀಸ್ ಕೆಫೆಟೇರಿಯಾದ ಕಿಟಕಿ ಒಡೆದು ಪಿಕಪ್ ಟ್ರಕ್ ನುಗ್ಗಿಸಿ, ಊಟಕ್ಕೆ ಕೂತಿದ್ದವರ ಮೇಲೆ ಗುಂಡು ಹಾರಿಸಿ 23 ಜನರನ್ನು ಕೊಂದ. ಸುಜಾನಾ ಹಪ್ ಎಂಬುವರು ತಂದೆ ತಾಯಿಯೊಂದಿಗೆ ಅಲ್ಲಿ ಊಟಕ್ಕೆ ಬಂದಿದ್ದರು. ಅವರು ಬದುಕುಳಿದರು, ತಂದೆ ತಾಯಿ ಇಬ್ಬರೂ ಉಳಿಯಲಿಲ್ಲ. ಅವರ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಮೈಮೇಲೆ ಇಟ್ಟುಕೊಂಡು ಒಳಗೆ ಬರುವುದು ಅಂದಿನ ಟೆಕ್ಸಸ್ ಕಾನೂನಿಗೆ ವಿರುದ್ಧವಾಗಿದ್ದರಿಂದ ಅದನ್ನು ಅಲ್ಲೇ ಬಿಟ್ಟಿದ್ದರು. ಆಮೇಲೆ ಅವರು ಈ ಮಾತನ್ನು ಶಾಸನಸಭೆಗಳ ಮುಂದೆ ಮತ್ತೆ ಮತ್ತೆ ಹೇಳಿದರು. 1995ರಲ್ಲಿ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್ ಲೈಸೆನ್ಸ್ ಕಾನೂನಿಗೆ ಸಹಿ ಹಾಕಿದರು. ಮರುವರ್ಷ ಹಪ್ ಸ್ವತಃ ಶಾಸಕಿಯಾಗಿ ಆಯ್ಕೆಯಾದರು.

ಅಲ್ಲಿಂದ ಮುಂದೆ ಕಾನೂನು ಸಡಿಲವಾಗುತ್ತಲೇ ಬಂತು. 2016ರ ಜನವರಿಯಿಂದ ಲೈಸೆನ್ಸ್ ಇದ್ದವರು ಎಲ್ಲರಿಗೂ ಕಾಣುವಂತೆ ಪಿಸ್ತೂಲು ಧರಿಸಬಹುದಾಯಿತು. 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ದಾಟಿದ, ಕಾನೂನಿನ ಬೇರೆ ಅಡ್ಡಿಯಿಲ್ಲದವರಿಗೆ ಲೈಸೆನ್ಸೇ ಬೇಕಿಲ್ಲ. ಪಾಠ ಕೇಳದೆ, ಒಂದು ಗುಂಡೂ ಹಾರಿಸಿ ಅಭ್ಯಾಸವಿಲ್ಲದೆ, ಬೆಳಿಗ್ಗೆ ಅಂಗಡಿಯಲ್ಲಿ ಕೊಂಡ ಪಿಸ್ತೂಲನ್ನು ಸಂಜೆ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೆ ಹೋಗಬಹುದು. ತಮ್ಮ ಅಲ್ಲಿಯ ಪ್ರಜೆ, ನಾದಿನಿಗೆ ಗ್ರೀನ್ ಕಾರ್ಡ್ ಇದೆ. ಇಬ್ಬರಿಗೂ ಕಾನೂನಿನ ತಡೆಯಿಲ್ಲ. ಹಾಗಿದ್ದ ಮೇಲೆ ಈ ತರಗತಿ ಯಾಕೆ ಎಂದು ಕಾರಿನಲ್ಲಿ ಕೇಳಿದೆ.

“ಬೇಡ ಅಂತ ಕಾನೂನು ಹೇಳ್ತು ಅಂತ ಕಲೀದೇ ಇರೋಕಾಗತ್ತಾ ಅತ್ತಿಗೆ?” ಎಂದಳು ನಾದಿನಿ. “ಇಟ್ಕೊಂಡು ಓಡಾಡೋಳು ನಾನು. ಏನಾದ್ರೂ ಆದ್ರೆ ಉತ್ತರ ಕೊಡ್ಬೇಕಾದೋಳೂ ನಾನೇ.”

ಪಿಸ್ತೂಲು ಕೊಳ್ಳುವ ಮಾತು ಅವರ ಮನೆಯಲ್ಲಿ ಹುಟ್ಟಿದ್ದು 2023ರ ಮೇ ತಿಂಗಳಲ್ಲಿ. ಡಲ್ಲಾಸ್ ಹತ್ತಿರದ ಆಲೆನ್ ಊರಿನ ಮಾಲ್ ಒಂದರಲ್ಲಿ ಶನಿವಾರ ಮಧ್ಯಾಹ್ನ ಬಂದೂಕುಧಾರಿಯೊಬ್ಬ ಎಂಟು ಜನರನ್ನು ಕೊಂದ. ಸತ್ತವರಲ್ಲಿ ಹೈದರಾಬಾದ್ ಕಡೆಯ ತರುಣ ಇಂಜಿನಿಯರ್ ಹೆಣ್ಣುಮಗಳೊಬ್ಬಳಿದ್ದಳು. ಆ ಮಾಲ್‌ಗೆ ನನ್ನ ತಮ್ಮನ ಸಂಸಾರವೂ ಬಟ್ಟೆ ಕೊಳ್ಳಲು ಹೋಗಿ ಬಂದಿತ್ತು. ಅದಕ್ಕೆ ಒಂದು ವರ್ಷ ಹಿಂದೆ ಟೆಕ್ಸಸ್‌ನದೇ ಯುವಾಲ್ಡಿ ಊರಿನ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾಗಿದ್ದರು. ನಮ್ಮ ಹುಡುಗಿಯ ಶಾಲೆಯಲ್ಲಿ ಈಗಲೂ ಬಾಗಿಲು ಹಾಕಿ, ದೀಪ ಆರಿಸಿ, ಮೂಲೆಯಲ್ಲಿ ಕೂರುವ ಅಭ್ಯಾಸ ಮಾಡಿಸುತ್ತಾರೆ. “ಅತ್ತೆ, ಆಗ ಯಾರೂ ನಗಬಾರದು, ಕೆಮ್ಮಬಾರದು” ಎಂದು ಅವಳು ನನಗೆ ಊಟದ ನಡುವೆ, ಆಟದ ನಿಯಮ ಹೇಳಿಕೊಡುವ ದನಿಯಲ್ಲಿ ವಿವರಿಸಿದ್ದಳು. ಆ ಮನೆಯ ಭಯವನ್ನು ದೂರದಲ್ಲಿ ಕೂತು ಅತಿಯಾಯಿತು ಎನ್ನಲು ನನಗೆ ಮನಸ್ಸು ಬರಲಿಲ್ಲ.

ಮುಖ್ಯರಸ್ತೆ ಬಿಟ್ಟು ಬಿಳಿ ಜಲ್ಲಿಯ ದಾರಿಯಲ್ಲಿ ಸ್ವಲ್ಪ ಒಳಗೆ ಹೋದಾಗ ರೇಂಜ್ ಕಂಡಿತು. ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ಮರದ ಮೇಜುಗಳು, ಎದುರಿಗೆ ಬಯಲು, ಬಯಲಿನ ಕೊನೆಗೆ ಗುಂಡನ್ನು ತಡೆಯಲು ಆಳೆತ್ತರಕ್ಕೂ ಮೇಲೆ ಒಟ್ಟಿದ ಮಣ್ಣಿನ ಏರಿ. ಮೇಜಿನ ಹಿಂದೆ ನೆಲದ ಮೇಲೆ ಹಳದಿ ಗೆರೆ. ಪ್ರವಾಸಿ ವೀಸಾದಲ್ಲಿ ಬಂದವರು ಬಂದೂಕು ಹಿಡಿಯಲು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ನನ್ನ ಜಾಗ ಗೆರೆಯಿಂದ ಈಚೆಗೆ. “ಅಕ್ಕ, ಕಿವಿಗೆ ಎರಡೂ ಹಾಕ್ಕೋ” ಎಂದು ತಮ್ಮ ಸ್ಪಂಜಿನ ಬಿರಡೆಯನ್ನೂ ಅದರ ಮೇಲೆ ಹಾಕುವ ಇಯರ್ ಮಫ್ಫನ್ನೂ ಕೊಟ್ಟ. 9 ಎಂಎಂ ಪಿಸ್ತೂಲಿನ ಒಂದೇ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡುವಷ್ಟು ಜೋರು. ಕಣ್ಣಿಗೆ ಕನ್ನಡಕ ಎಲ್ಲರಿಗೂ ಕಡ್ಡಾಯ. ನಾದಿನಿ ಕತ್ತಿನ ತನಕ ಮುಚ್ಚುವ ಟೀಶರ್ಟ್ ಹಾಕಿ, ಮಾಂಗಲ್ಯವನ್ನು ಒಳಗೆ ಸೇರಿಸಿಕೊಂಡಿದ್ದಳು. ಪಿಸ್ತೂಲಿನಿಂದ ಚಿಮ್ಮುವ ಹಿತ್ತಾಳೆಯ ಖಾಲಿ ತೋಟಾ ಸುಡುವಷ್ಟು ಬಿಸಿಯಾಗಿರುತ್ತದೆ. ಅದು ಕತ್ತಿನ ಬಳಿ ಬಟ್ಟೆಯೊಳಗೆ ಬಿದ್ದರೆ ಗಾಬರಿಯಲ್ಲಿ ಕೈ ಯಾವ ಕಡೆಗೆ ತಿರುಗುತ್ತದೋ ಹೇಳಲಾಗದು.

ಗೋಡೆಯ ಮೇಲೆ ನಾಲ್ಕು ನಿಯಮ ಬರೆದಿದ್ದರು. ಅರಿಜೋನಾದಲ್ಲಿ 1976ರಲ್ಲಿ ಗನ್‌ಸೈಟ್ ಎಂಬ ತರಬೇತಿ ಶಾಲೆ ತೆರೆದ ಜೆಫ್ ಕೂಪರ್ ಎಂಬ ಮಾಜಿ ಸೈನ್ಯಾಧಿಕಾರಿ ರೂಢಿಗೆ ತಂದ ನಿಯಮಗಳು ಅವು. ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿಯಬೇಕು. ನಾಶಮಾಡಲು ಸಿದ್ಧವಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಿಸಬಾರದು. ಗುರಿ ಕೂಡುವ ತನಕ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿ ತಿಳಿದಿರಬೇಕು. ಮೂರು ಗಂಟೆ ಅಲ್ಲಿ ಕೂತು ನೋಡಿದ ಮೇಲೆ ಅರಿವಾಯಿತು: ನಾಲ್ಕರಲ್ಲಿ ಒಂದೂ ಹೊಡೆಯುವುದು ಹೇಗೆ ಎಂದು ಹೇಳುವುದಿಲ್ಲ, ನಾಲ್ಕೂ ತಡೆದುಕೊಳ್ಳುವ ಬಗೆಯನ್ನೇ ಹೇಳುತ್ತವೆ.

ಮೇಲ್ವಿಚಾರಕ ಎಲ್ಲರನ್ನೂ ಮೇಜಿನಿಂದ ಹಿಂದೆ ಸರಿಸಿದಾಗ ತಮ್ಮ ಹೋಗಿ ಗುರಿಹಲಗೆಗೆ ಕಾಗದ ಅಂಟಿಸಿ ಬಂದ. ಲೈಸೆನ್ಸ್ ಪರೀಕ್ಷೆಯಲ್ಲಿ ಬಳಸುವ ಬಿ-27 ಎಂಬ ಕಾಗದ ಅದು. ಬಿಳಿಯ ಮೇಲೆ ಕಪ್ಪಗೆ ಮನುಷ್ಯನ ಮುಂಡ, ತೋಳು, ತಲೆ. ಎದೆಯ ಸುತ್ತ ಒಂದರೊಳಗೊಂದು ವೃತ್ತ. ಅದುವರೆಗೆ ಬರಿಯ ವೃತ್ತದ ಕಾಗದಕ್ಕೆ ಹೊಡೆದು ಅಭ್ಯಾಸವಿದ್ದ ನಾದಿನಿ ಪಿಸ್ತೂಲು ಎತ್ತಿದವಳು ಮತ್ತೆ ಮೇಜಿನ ಮೇಲಿಟ್ಟಳು. “ಸ್ವಲ್ಪ ತಡೀರಿ” ಎಂದಳು. ತಮ್ಮ ಅವಸರಪಡಿಸಲಿಲ್ಲ. ನೀರು ಕುಡಿದು, ಕೈ ಒರೆಸಿಕೊಂಡು ಅವಳು ಮತ್ತೆ ನಿಂತಳು.

ಪರೀಕ್ಷೆಯ ಲೆಕ್ಕ ಹೀಗಿದೆ: ಮೂರು ಗಜ ದೂರದಿಂದ 20 ಗುಂಡು, ಏಳು ಗಜದಿಂದ 20, ಹದಿನೈದು ಗಜದಿಂದ 10. ಒಟ್ಟು 250 ಅಂಕದಲ್ಲಿ 175 ಬಂದರೆ ತೇರ್ಗಡೆ. ಮೂರು ಗಜ ಎಂದರೆ ಒಂದು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಇರುವಷ್ಟೂ ದೂರವಲ್ಲ. ಅಷ್ಟು ಹತ್ತಿರದಲ್ಲೂ ಇಬ್ಬರ ಗುಂಡುಗಳೂ ಕೆಳಕ್ಕೆ, ಎಡಕ್ಕೆ ಬೀಳುತ್ತಿದ್ದವು. ಬಲಗೈಯವರ ಸಾಮಾನ್ಯ ದೋಷ ಇದು. ಸದ್ದು ಬರುತ್ತದೆ, ಪಿಸ್ತೂಲು ಒದೆಯುತ್ತದೆ ಎಂದು ಕೈಗೆ ಗೊತ್ತು. ಗುಂಡು ಹಾರುವ ಮೊದಲೇ ಅದು ಬಿಗಿದು ನಳಿಗೆಯನ್ನು ಕೆಳಗೆ ಒತ್ತಿಬಿಡುತ್ತದೆ. ಹೊಡೆದವರಿಗೆ ಇದು ತಿಳಿಯುವುದೇ ಇಲ್ಲ, ಸದ್ದು ಮತ್ತು ಒದೆತದ ಕೆಳಗೆ ತಪ್ಪು ಮುಚ್ಚಿಹೋಗಿರುತ್ತದೆ.

ಅದನ್ನು ಬಯಲಿಗೆ ತರುವ ಅಭ್ಯಾಸವೊಂದಿದೆ, ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬರು ಮ್ಯಾಗಜೀನಿಗೆ ಗುಂಡು ತುಂಬುವಾಗ ನಡುನಡುವೆ ಮದ್ದಿಲ್ಲದ ಡಮ್ಮಿ ತೋಟಾ ಸೇರಿಸಬೇಕು. ಯಾವುದು ಎಲ್ಲಿದೆ ಎಂದು ಹೊಡೆಯುವವರಿಗೆ ಗೊತ್ತಿರಬಾರದು. ಮೊದಲು ನಾದಿನಿ ತುಂಬಿದಳು, ತಮ್ಮ ಹೊಡೆದ. ಒಂದು ಸದ್ದು, ಇನ್ನೊಂದು ಸದ್ದು, ಮೂರನೆಯದಕ್ಕೆ ಬರಿಯ ‘ಟಕ್’. ಗುಂಡಿರಲಿಲ್ಲ, ಆದರೂ ನಳಿಗೆಯ ತುದಿ ತಲೆ ತಗ್ಗಿಸಿತು. ಹಿಂದೆ ಕೂತಿದ್ದ ನನಗೂ ಕಂಡಿತು.

“ರೀ, ನೋಡಿದ್ರಾ? ಗುಂಡೇ ಇಲ್ಲ, ಕೈ ಹೋಗ್ಬಿಡ್ತು” ಎಂದಳು. ತಮ್ಮ ತಲೆಯಾಡಿಸಿದ. ಆಮೇಲೆ ಸರದಿ ಬದಲಾಯಿತು. ಅವನು ತುಂಬಿ ಕೊಟ್ಟ, ಅವಳು ನಿಂತಳು. ಅವಳ ಬೆರಳನ್ನೇ ನೋಡುತ್ತಾ “ಒತ್ತು, ಎಳೀಬೇಡ… ಮುಂದಿನ ಸೈಟ್ ಮಾತ್ರ ನೋಡು, ಕಾಗದ ಮಬ್ಬಾಗ್ಲಿ” ಎನ್ನುತ್ತಿದ್ದ. ಹೀಗೆ ಒಬ್ಬರಿಗೊಬ್ಬರು ತುಂಬಿಕೊಡುತ್ತ, ಒಬ್ಬರ ಅಳುಕನ್ನು ಒಬ್ಬರು ಎತ್ತಿ ಹೇಳುತ್ತ ಹೋದಂತೆ ಕೈಗಳು ನಿಧಾನವಾಗಿ ನೆಲೆಗೊಂಡವು. ಕಾಗದದ ತೂತುಗಳು ಚೆದುರುವುದು ಬಿಟ್ಟು ಒಂದೆಡೆ ಸೇರತೊಡಗಿದವು. ತನಗೇ ಕಾಣದ ತನ್ನ ತಪ್ಪನ್ನು ಪಕ್ಕದವರ ಕಣ್ಣಿನಿಂದ ನೋಡಿ ತಿದ್ದಿಕೊಳ್ಳುವ ಈ ಕೆಲಸವೇ ಆ ದಿನದ ಅಭ್ಯಾಸದ ಜೀವ ಎಂದು ನನಗೆ ಅನ್ನಿಸಿತು.

ಬಂದೂಕು ನನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಅಪ್ಪನ ಹೆಸರಿನ ಲೈಸೆನ್ಸಿನ ಒಂಟಿ ನಳಿಗೆಯ ಕೋವಿ ಇತ್ತು. ಬೆಳೆ ರಕ್ಷಣೆಗೆಂದು ತೆಗೆದುಕೊಂಡದ್ದು. ತೋಟಾಗಳು ಬೀರುವಿನಲ್ಲಿ, ಬೀಗದ ಕೈ ಅಮ್ಮನ ಸೆರಗಿನಲ್ಲಿ. ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ನಮ್ಮ ಕೊಡಗು ಜಿಲ್ಲೆಯ ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನಿಂದ ವಿನಾಯಿತಿಯಿದೆ. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿ, ಕತ್ತಿಗಳನ್ನು ಒರೆಸಿ, ತೋಕ್ ಪೂ ಎಂಬ ಹೂ ಇಟ್ಟು ಪೂಜಿಸುತ್ತಾರೆ. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ, ಮನೆಯಲ್ಲಿ ಸಾವಾದರೆ ಎರಡು ಹಾರಿಸುವ ಸಂಪ್ರದಾಯವಿದೆ. ಯಾರ ಮನೆಯಲ್ಲಿ ಕೋವಿಯಿದೆ ಎಂಬುದು ಊರಿಗೇ ಗೊತ್ತು. ರಾತ್ರಿ ಈಡಿನ ಸದ್ದು ಕೇಳಿದರೆ ಆನೆ ಬಂತೋ ಹಂದಿ ಬಂತೋ ಎಂದು ಬೆಳಿಗ್ಗೆ ನಾಲ್ಕು ಜನ ಕೇಳಿಯೇ ಕೇಳುತ್ತಾರೆ.

ನಮ್ಮ ಕಡೆಯ ಕೋವಿ ಮುಗ್ಧವೆಂದು ನಾನು ಹೇಳುತ್ತಿಲ್ಲ. ಬೇಟೆಯಲ್ಲಿ ಪ್ರಾಣಿಯೆಂದು ತಿಳಿದು ಜೊತೆಗಾರನಿಗೇ ಹೊಡೆದ ಸುದ್ದಿಗಳನ್ನು, ಮನೆಯ ಕೋವಿಯಿಂದಲೇ ಜೀವ ಕಳೆದುಕೊಂಡವರ ಸುದ್ದಿಗಳನ್ನು ಓದುತ್ತಲೇ ಬೆಳೆದವಳು ನಾನು. ಆದರೂ ಆ ಕೋವಿಯ ಮೇಲೆ ಹತ್ತು ಕಣ್ಣುಗಳಿರುತ್ತವೆ. ಬಟ್ಟೆಯೊಳಗೆ ಅಡಗಿಸಿದ ಪಿಸ್ತೂಲಿನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಅದು ಇರುವುದೇ ಯಾರಿಗೂ ಕಾಣದಿರಲು. ಅದನ್ನು ಹೊತ್ತವನು ಕಿಕ್ಕಿರಿದ ಅಂಗಡಿಯಲ್ಲೂ ಒಬ್ಬಂಟಿ. ಬಂದವನು ಕಳ್ಳನೋ, ದಾರಿ ತಪ್ಪಿದ ಹುಡುಗನೋ ಎಂಬುದನ್ನು ಕ್ಷಣದೊಳಗೆ ಅವನೊಬ್ಬನೇ ತೀರ್ಮಾನಿಸಬೇಕು.

ರೇಂಜಿನಲ್ಲಿ ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ತಣ್ಣೀರಿನಲ್ಲಿ ಕೈ ತೊಳೆದು (ಗುಂಡಿನ ಸೀಸ ಕೈಗೆ ಅಂಟಿರುತ್ತದೆ) ಕಾರಿನ ಪಕ್ಕದಲ್ಲೇ ನಿಂತು ಚಪಾತಿ ಪಲ್ಯ ತಿಂದೆವು. ಎಲ್ಲಿ ಇಟ್ಟುಕೊಳ್ಳುವುದು ಎಂಬ ಮಾತು ಬಂತು. ಸೀರೆಯಲ್ಲಿ, ಚೂಡಿದಾರದಲ್ಲಿ ಹೋಲ್‌ಸ್ಟರ್ ನಿಲ್ಲುವುದಿಲ್ಲ. ಹೆಂಗಸರಿಗೆಂದೇ ಪಿಸ್ತೂಲಿಗೆ ಬೇರೆ ಅರೆಯಿರುವ ವ್ಯಾನಿಟಿ ಬ್ಯಾಗುಗಳು ಮಾರಾಟಕ್ಕಿವೆ. ನಾದಿನಿ ಅದನ್ನು ಆಗಲೇ ಬೇಡವೆಂದು ನಿರ್ಧರಿಸಿದ್ದಳು. 2014ರ ಡಿಸೆಂಬರಿನಲ್ಲಿ ಐಡಾಹೊ ರಾಜ್ಯದ ಹೇಡನ್ ಊರಿನ ವಾಲ್‌ಮಾರ್ಟ್‌ನಲ್ಲಿ ಎರಡು ವರ್ಷದ ಮಗುವೊಂದು ತಾಯಿಯ ಚೀಲಕ್ಕೆ ಕೈಹಾಕಿತು. ಒಳಗಿದ್ದ ಪಿಸ್ತೂಲು ಸಿಡಿದು ತಾಯಿ ಸತ್ತಳು. ಅವಳ ಬಳಿ ಲೈಸೆನ್ಸ್ ಇತ್ತು. “ಚೀಲ ಕೆಳಗಿಡದೇ ಇರೋಕೆ ಯಾವ ತಾಯಿಗೆ ಸಾಧ್ಯ ಹೇಳಿ ಅತ್ತಿಗೆ” ಎಂದಳು.

ಶನಿವಾರದ ತರಗತಿಯಲ್ಲಿ ನಾನಿರಲಿಲ್ಲ. ಇಬ್ಬರೂ ಪಾಸಾಗಿ ಸಂಜೆ ಮನೆಗೆ ಬಂದು ಪಾಠದ ಪುಸ್ತಕವನ್ನು ಊಟದ ಮೇಜಿನ ಮೇಲೆ ಹರಡಿದರು. ಟೆಕ್ಸಸ್ ಕಾನೂನು ಈ ತರಗತಿಗೆ ಗೊತ್ತುಮಾಡಿರುವ ವಿಷಯಗಳಲ್ಲಿ ಬಂದೂಕಿನ ಬಳಕೆ, ಸುರಕ್ಷತೆಯ ಜೊತೆಗೆ ಇನ್ನೆರಡು ಇವೆ: ಜಗಳವನ್ನು ಹಿಂಸೆಯಿಲ್ಲದೆ ಬಗೆಹರಿಸುವ ದಾರಿ, ಮತ್ತು ಮಕ್ಕಳ ಕೈಗೆ ಸಿಗದಂತೆ ಆಯುಧ ಇಡುವ ಕ್ರಮ. ಗುಂಡು ತುಂಬಿದ ಬಂದೂಕನ್ನು ಅಜಾಗರೂಕತೆಯಿಂದ ಬಿಟ್ಟು, ಅದು ಮಗುವಿನ ಕೈಗೆ ಸಿಕ್ಕರೆ ಅಲ್ಲಿ ಅಪರಾಧ. ರಾತ್ರಿ ಹೊತ್ತು ಆಸ್ತಿ ಉಳಿಸಿಕೊಳ್ಳಲು ಕೆಲವು ಸಂದರ್ಭಗಳಲ್ಲಿ ಪ್ರಾಣ ತೆಗೆಯುವ ಬಲವನ್ನೂ ಬಳಸಲು ಟೆಕ್ಸಸ್ ಬಿಡುತ್ತದೆ. ಕಾನೂನು ಬಿಟ್ಟಿತೆಂದ ಮಾತ್ರಕ್ಕೆ ಹೊಡೆಯಬೇಕೆಂದಿಲ್ಲ, ಓಡಿಹೋಗುವ ದಾರಿಯಿದ್ದರೆ ಓಡಿ, ಒಂದು ಟಿವಿಗಾಗಿ ಮನುಷ್ಯನ ಪ್ರಾಣ ತೆಗೆದು ಉಳಿದ ಆಯುಷ್ಯ ಅದನ್ನು ಹೊತ್ತುಕೊಳ್ಳಬೇಡಿ ಎಂದು ತರಬೇತುದಾರರು ಒತ್ತಿ ಹೇಳಿದರಂತೆ.

ಮಗಳು ಮಲಗಿದ ಮೇಲೆ ನಾನು ಮನಸ್ಸಿನಲ್ಲಿದ್ದುದನ್ನು ಹೇಳಿದೆ. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅವರಲ್ಲಿ 26,328 ಮಂದಿಯದು ಆತ್ಮಹತ್ಯೆ. ಹೊರಗಿನಿಂದ ಬರುವ ಕೇಡಿಗೆಂದು ತಂದಿಟ್ಟ ಆಯುಧಕ್ಕೆ ಹೆಚ್ಚಾಗಿ ಬಲಿಯಾಗುವುದು ಅದನ್ನು ತಂದ ಮನೆಯವರೇ. ಕೆಲಸ ಹೋದಾಗ, ಊರಿಂದ ಕೆಟ್ಟ ಸುದ್ದಿ ಬಂದಾಗ, ನಿದ್ದೆಯಿಲ್ಲದ ರಾತ್ರಿಗಳಲ್ಲಿ ಆ ಪಿಸ್ತೂಲಿನ ಪೆಟ್ಟಿಗೆಯ ಬೀಗದ ನಂಬರು ಯಾರ ಬಳಿ ಇರಬೇಕು? “ನಿಮ್ಮಿಬ್ಬರಲ್ಲಿ ಯಾರಿಗಾದರೂ ಮನಸ್ಸು ಸರಿಯಿಲ್ಲ ಅನ್ನಿಸಿದರೆ ಏನು ಮಾಡ್ತೀರಿ?” ಎಂದು ಕೇಳಿದೆ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವರಿಬ್ಬರೂ ಮಾತಾಡಿದರು, ನಾನು ಕೇಳಿಸಿಕೊಂಡೆ. ಹೋದ ವರ್ಷ ಕಂಪನಿಯಲ್ಲಿ ಜನರನ್ನು ತೆಗೆದುಹಾಕುತ್ತಿದ್ದ ತಿಂಗಳುಗಳಲ್ಲಿ ತಾನು ಹೇಗಿದ್ದೆ ಎಂಬುದನ್ನು ಅವನು ಮೊದಲ ಸಲ ಬಾಯಿಬಿಟ್ಟು ಹೇಳಿದ. ಅವಳಿಗೆ ಗೊತ್ತಿತ್ತು, ಕೇಳಲು ಧೈರ್ಯವಾಗಿರಲಿಲ್ಲ. ಕೊನೆಗೆ ಹೀಗೆ ಒಪ್ಪಿಕೊಂಡರು. ಪೆಟ್ಟಿಗೆ ತೆಗೆದದ್ದು, ಮುಚ್ಚಿದ್ದು ಇನ್ನೊಬ್ಬರಿಗೆ ತಿಳಿದೇ ಇರಬೇಕು. ಮನೆಯಿಂದ ಪಿಸ್ತೂಲು ಹೊರಗೆ ಹೋಗುವುದಾದರೆ ಹೇಳಿ ಹೋಗಬೇಕು. ಒಬ್ಬರು ಸಾಕು ಎಂದ ದಿನ ಇನ್ನೊಬ್ಬರು ಕಾರಣ ಕೇಳದೆ ನಂಬರು ಬದಲಾಯಿಸಲು ಬಿಡಬೇಕು, ಬೇಕಾದರೆ ಆಯುಧವೇ ಮನೆ ಬಿಟ್ಟು ಹೋಗಬೇಕು. ರೇಂಜಿನಲ್ಲಿ ಒಬ್ಬರ ಕೈಯ ಅಳುಕನ್ನು ಇನ್ನೊಬ್ಬರು ಹೇಳಿಕೊಟ್ಟಿದ್ದರಿಂದಲೇ ಮನಸ್ಸಿನ ಅಳುಕನ್ನೂ ಹೇಳಿಕೊಳ್ಳುವ ದಾರಿ ತೆರೆಯಿತು ಎಂದು ನಾನು ನಂಬಿದ್ದೇನೆ.

ಪಿಸ್ತೂಲು ಅವರ ಮನೆಗೆ ಬೇಕಿತ್ತೇ ಎಂದರೆ, ನನ್ನ ಮನಸ್ಸು ಈಗಲೂ ಬೇಡವೆಂದೇ ಹೇಳುತ್ತದೆ. ಅದನ್ನು ಅವರಿಗೂ ಹೇಳಿದ್ದೇನೆ. ಆದರೆ ಇಟ್ಟುಕೊಳ್ಳುವುದಾದರೆ ಅವರು ಇಟ್ಟುಕೊಂಡ ರೀತಿಯಲ್ಲೇ ಇಟ್ಟುಕೊಳ್ಳಬೇಕು. ಲೈಸೆನ್ಸಿಲ್ಲದೆ ಪಿಸ್ತೂಲು ಹೊರಲು ಬಿಟ್ಟಿರುವ ರಾಜ್ಯಗಳು ಅಮೆರಿಕದಲ್ಲಿ ಈಗ ಅರ್ಧಕ್ಕಿಂತ ಹೆಚ್ಚು. ಅಲ್ಲೆಲ್ಲ ಕಲಿಕೆಯನ್ನು ಮತ್ತೆ ಕಡ್ಡಾಯ ಮಾಡಬೇಕು. ಕಡ್ಡಾಯ ಮಾಡುವಾಗ, ಆಯುಧ ಕೊಳ್ಳುವವರ ಜೊತೆಗೆ ಅದೇ ಸೂರಿನಡಿ ಬದುಕುವ ದೊಡ್ಡವರೂ ಅದೇ ತರಗತಿಯಲ್ಲಿ ಕೂರುವಂತಾಗಬೇಕು: ಹೆಂಡತಿ, ಗಂಡ, ವಯಸ್ಸಿಗೆ ಬಂದ ಮಕ್ಕಳು, ಅತ್ತೆ ಮಾವ. ಕೊಡಗಿನಲ್ಲಿ, ಮಲೆನಾಡಿನಲ್ಲಿ ಕೋವಿ ಇರುವ ಮನೆಗಳಿಗೂ ಈ ಮಾತು ಸಲ್ಲುತ್ತದೆ. ನಮ್ಮಲ್ಲಿ ಕೋವಿಯ ಲೈಸೆನ್ಸ್ ಅಪ್ಪನ ಹೆಸರಲ್ಲಿರುತ್ತದೆ, ಅದರ ಅಪಾಯ ಮನೆಮಂದಿಯೆಲ್ಲರ ಪಾಲಿಗೆ ಇರುತ್ತದೆ. ಪಾಲಿರುವವರಿಗೆಲ್ಲ ಪಾಠವೂ ಸಿಗಲಿ, ಬೇಡ ಎನ್ನುವ ಹಕ್ಕೂ ಇರಲಿ.